ಬಕೆಟ್ಟಿನಲ್ಲಿ ಸೊಪ್ಪು, ತರಕಾರಿ: ಮೊದಲು ಮಣ್ಣು ನೋಡಿ ತುಂಬೋಣ



ಕೆ.ಜಿ.ಎಫ್. ಮತ್ತು ಬಂಗಾರಪೇಟೆ ಭಾಗದ ಸಂಘಗಳಲ್ಲಿ ಕೈತೋಟದ ವಿಷಯ ಬಂದಾಗಲೆಲ್ಲ ಮೊದಲು ಕೇಳಿಬರುವ ಮಾತು ಒಂದೇ: "ಸಿಸ್ಟರ್, ಜಾಗ ಎಲ್ಲಿದೆ?" ಬೂದಿಕೋಟೆ, ಕಾಮಸಮುದ್ರದ ಕಡೆ ಹಳ್ಳಿಗಳಲ್ಲಿ ಇರುವವರಿಗೆ ಹಿತ್ತಲಾದರೂ ಇದೆ. ಲೈನ್ ಮನೆಗಳಲ್ಲಿ ಇರುವವರಿಗೆ ಬಾಗಿಲು ತೆರೆದರೆ ಎದುರು ಮನೆಯ ಬಾಗಿಲು. ನಡುವೆ ಇರುವ ನಾಲ್ಕಡಿ ಜಾಗದಲ್ಲೇ ಪಾತ್ರೆ ತೊಳೆಯೋದು, ಬಟ್ಟೆ ಒಣಗಿಸೋದು, ನೀರಿನ ಕೊಡ ಇಡೋದು ಎಲ್ಲಾ ಆಗಬೇಕು. ಅಲ್ಲಿ ಗಿಡ ಬೆಳೆಸಬೇಕಾದರೆ ಬಕೆಟ್ಟು, ಟಿನ್ನು, ಚೀಲ ಇವೇ ದಾರಿ.

ಆದರೆ ನಮ್ಮ ಊರಿನಲ್ಲಿ ಬಕೆಟ್ಟು ಬೇಕಾಗಿರುವುದು ಜಾಗ ಇಲ್ಲ ಅನ್ನೋ ಕಾರಣಕ್ಕೆ ಮಾತ್ರ ಅಲ್ಲ. ಬಕೆಟ್ಟಿನಲ್ಲಿ ಬೆಳೆದರೆ ಯಾವ ಮಣ್ಣಿನಲ್ಲಿ ಬೆಳೆಯಬೇಕು ಅನ್ನೋದನ್ನು ನಾವೇ ತೀರ್ಮಾನ ಮಾಡಬಹುದು. ಗಣಿ ಊರಿನಲ್ಲಿ ಇದು ಬಹಳ ದೊಡ್ಡ ವಿಷಯ.

ಸೈನೈಡ್ ದಿಬ್ಬದ ಮಣ್ಣು ಬೇಡ

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ಕೆಲಸ ಶುರು ಮಾಡಿತು. 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಈ ನೂರಿಪ್ಪತ್ತು ವರ್ಷ ಕಲ್ಲು ಮೇಲೆ ತಂದು, ಹಿಟ್ಟಿನ ಹಾಗೆ ಪುಡಿ ಮಾಡಿ, ಚಿನ್ನ ತೆಗೆದುಕೊಂಡು, ಮಿಕ್ಕಿದ ಪುಡಿಯನ್ನು ಪಕ್ಕದಲ್ಲೇ ಸುರಿದರು. ನಾವು ದಿನಾ ನೋಡುವ ಸೈನೈಡ್ ದಿಬ್ಬ ಅಂದರೆ ಅದೇ. ಅಂಥ 13 ದಿಬ್ಬಗಳು ಸಾವಿರ ಎಕರೆಗೂ ಹೆಚ್ಚು ಜಾಗದಲ್ಲಿ ಇವೆ. ಇವುಗಳಲ್ಲಿ ಉಳಿದಿರುವ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸರ್ಕಾರ ಒಪ್ಪಿಗೆಯನ್ನೂ ಕೊಟ್ಟಿತು. ಆಷಾಢದ ಗಾಳಿ ಎದ್ದರೆ ಆ ಪುಡಿ ನಮ್ಮ ಅನ್ನದ ತಟ್ಟೆವರೆಗೂ ಬರುತ್ತದೆ ಅನ್ನೋದು ನಿಮಗೆ ಹೇಳಬೇಕಾಗಿಲ್ಲ.

"ಗಣಿ ಮುಚ್ಚಿ ಇಷ್ಟು ವರ್ಷ ಆಯ್ತಲ್ಲ, ವಿಷ ಇನ್ನೂ ಇರುತ್ತದಾ?" ಅಂತ ಕೆಲವರು ಕೇಳುತ್ತಾರೆ. ಸೈನೈಡ್ ಬಿಸಿಲಿಗೆ, ಗಾಳಿಗೆ ಕಾಲಕ್ರಮದಲ್ಲಿ ಒಡೆದುಹೋಗುವ ವಸ್ತು, ಅದು ನಿಜ. ಆದರೆ ಕಲ್ಲಿನ ಜೊತೆಯಲ್ಲೇ ಬಂದ ಲೋಹದ ಅಂಶಗಳು ಹಾಗೆ ಹೋಗುವುದಿಲ್ಲ. ಲೋಹ ಕೊಳೆಯುವುದಿಲ್ಲ, ಆವಿಯಾಗುವುದೂ ಇಲ್ಲ. ಸೊಪ್ಪಿನ ಗಿಡಗಳು ಬೇರಿನಿಂದ ಅವನ್ನು ಹೀರಿಕೊಂಡು ಎಲೆಯಲ್ಲಿ ಇಟ್ಟುಕೊಳ್ಳಬಹುದು. ನಾವು ತಿನ್ನೋದು ಆ ಎಲೆಯನ್ನೇ ಅಲ್ಲವಾ? ಇನ್ನೊಂದು ವಿಷಯ, ಆ ಪುಡಿಯಲ್ಲಿ ಗಿಡಕ್ಕೆ ಬೇಕಾದ ಸಾರವೂ ಇಲ್ಲ. ನೀರು ಬಿದ್ದರೆ ಗಾರೆ ಹಾಗೆ ಗಟ್ಟಿಯಾಗಿ ಬೇರಿಗೆ ಗಾಳಿ ಆಡುವುದಿಲ್ಲ.

ನೋಡೋದಕ್ಕೆ ನಯವಾದ ಮರಳಿನ ಹಾಗೆ ಇದೆ, ಪುಕ್ಕಟೆ ಸಿಗುತ್ತದೆ ಅಂತ ಅದನ್ನು ಕುಂಡಕ್ಕೆ ಬೆರೆಸಲೇಬೇಡಿ. ಹಾಗೆಯೇ ಚಾಂಪಿಯನ್ ರೀಫ್, ಮಾರಿಕುಪ್ಪಂ, ಕೋರಮಂಡಲ್ ಕಡೆ ದಿಬ್ಬದ ಹತ್ತಿರದ ಲೈನುಗಳಲ್ಲಿ ಅಂಗಳದ ಮಣ್ಣನ್ನೂ ಉಪಯೋಗಿಸಬೇಡಿ. ಎಷ್ಟೋ ಕಡೆ ಗಾಳಿಯಿಂದ, ಮಳೆನೀರಿನಿಂದ ಆ ಪುಡಿ ಬಂದು ಸೇರಿಕೊಂಡಿರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿದರೆ ಗೊತ್ತಾಗುವುದಿಲ್ಲವಾ ಅಂದರೆ, ರೈತರಿಗೆ ಮಾಡಿಕೊಡುವ ಸಾಮಾನ್ಯ ಪರೀಕ್ಷೆಯಲ್ಲಿ ಹುಳಿ, ಉಪ್ಪು, ಸಾರಜನಕ, ರಂಜಕ, ಪೊಟ್ಯಾಷ್ ಇಂಥವು ತಿಳಿಯುತ್ತವೆ. ಭಾರದ ಲೋಹಗಳಿಗೆ ಬೇರೆ ಪರೀಕ್ಷೆ ಬೇಕು, ಖರ್ಚೂ ಹೆಚ್ಚು. ಆದ್ದರಿಂದ ಅನುಮಾನದ ಮಣ್ಣು ಬಿಟ್ಟು ಒಳ್ಳೆ ಮಣ್ಣು ತರೋದೇ ಸುಲಭ.

ಒಳ್ಳೆ ಮಣ್ಣು ಎಲ್ಲಿಂದ?

ನಮ್ಮ ಹಳ್ಳಿ ಸಂಘಗಳವರು ಹಸು ಸಾಕಿದ್ದಾರೆ, ಅವರ ತಿಪ್ಪೆಯಲ್ಲಿ ಗೊಬ್ಬರ ಇದೆ, ರಾಗಿ ಹೊಲದಲ್ಲಿ ಕೆಂಪು ಮಣ್ಣು ಇದೆ. ಪಟ್ಟಣದ ಸಂಘದವರು ಒಬ್ಬೊಬ್ಬರೇ ಅಲೆಯುವುದಕ್ಕಿಂತ ಹತ್ತು ಹದಿನೈದು ಜನ ಸೇರಿ ಹಳ್ಳಿ ಸಂಘದಿಂದ ಒಂದು ಆಟೋ ಲೋಡು ತರಿಸಿ ಹಂಚಿಕೊಳ್ಳಬಹುದು. ಕೊಟ್ಟವರಿಗೂ ನಾಲ್ಕು ಕಾಸು ಸಿಗುತ್ತದೆ. ಟೊಮೆಟೊ ಬೆಳೆಗೆ ಬಿಡುವಿಲ್ಲದೆ ಔಷಧಿ ಹೊಡೆದ ಹೊಲದ ಮಣ್ಣು ಮಾತ್ರ ಬೇಡ, ರಾಗಿ ಅಥವಾ ಹುರುಳಿ ಹೊಲದ್ದು ಕೇಳಿ.

ಕೆರೆ ಗೋಡು ಹಾಕಬಹುದಾ ಅಂತ ಹಳೇ ಕಾಲದವರು ಕೇಳುತ್ತಾರೆ. ಗೋಡು ಒಳ್ಳೆ ಸಾರವಾದ ಮಣ್ಣೇ. ಆದರೆ 2018ರಿಂದ ಕೋಲಾರ ಜಿಲ್ಲೆಯ ಹಲವು ಕೆರೆಗಳಿಗೆ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಅದರಿಂದ ಅಂತರ್ಜಲ ಮೇಲೆ ಬರಲಿ ಅನ್ನೋದು ಉದ್ದೇಶ. ಆ ಕೆರೆಗಳ ಗೋಡನ್ನು ಸೊಪ್ಪಿನ ಬಕೆಟ್ಟಿಗೆ ಹಾಕೋದು ಬೇಡ ಅನ್ನೋದು ನನ್ನ ಅಭಿಪ್ರಾಯ. ಮಳೆನೀರು ಮಾತ್ರ ನಿಲ್ಲುವ ಕುಂಟೆಯ ಗೋಡಾದರೆ ಧಾರಾಳವಾಗಿ ಹಾಕಿ.

ಮಿಶ್ರಣದ ಲೆಕ್ಕ ಸುಲಭ. ಒಂದು ಬಾಂಡ್ಲಿ ಕೆಂಪು ಮಣ್ಣು, ಒಂದು ಬಾಂಡ್ಲಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಬಾಂಡ್ಲಿ ತೆಂಗಿನ ನಾರಿನ ಪುಡಿ. ಬರೀ ಕೆಂಪು ಮಣ್ಣು ತುಂಬಿದರೆ ಬಕೆಟ್ಟಿನಲ್ಲಿ ಇಟ್ಟಿಗೆ ಹಾಗೆ ಗಟ್ಟಿಯಾಗುತ್ತದೆ. ನಾರಿನ ಪುಡಿ ಹಾಕಿದರೆ ಹಗುರ ಇರುತ್ತದೆ, ನೀರನ್ನೂ ಹಿಡಿದಿಡುತ್ತದೆ. ಅದನ್ನು ಹಾಗೇ ಹಾಕಬೇಡಿ, ಉಪ್ಪಿನ ಅಂಶ ಇರುತ್ತದೆ. ಎರಡು ಮೂರು ಸಲ ನೆನೆಸಿ ಹಿಂಡಿ ಹಾಕಿ. ಅದು ಸಿಗದಿದ್ದರೆ ಒಣಗಿದ ಎಲೆಯನ್ನು ಕೈಯಲ್ಲಿ ನುರಿದು ಹಾಕಿದರೂ ಆಗುತ್ತದೆ. ಗೊಬ್ಬರ ಕಳಿತಿದೆಯಾ ಅಂತ ತಿಳಿಯೋದಕ್ಕೆ ಕೈಯಲ್ಲಿ ಹಿಡಿದು ನೋಡಿ: ಬಿಸಿ ಇರಬಾರದು, ಸಗಣಿ ವಾಸನೆ ಬರಬಾರದು. ಹಸಿ ಸಗಣಿ ಬೇರನ್ನು ಸುಡುತ್ತದೆ.

ಯಾವ ಬಕೆಟ್ಟು?

ಬಣ್ಣದ ಬಕೆಟ್ಟು, ಎಣ್ಣೆ ಟಿನ್ನು, ಸೋರುವ ಪ್ಲಾಸ್ಟಿಕ್ ಕೊಡ, ಒಡೆದ ಟಬ್ಬು, ಅಕ್ಕಿ ಚೀಲ ಎಲ್ಲಾ ಆಗುತ್ತದೆ. ಬಣ್ಣದ ಬಕೆಟ್ಟಿನ ಒಳಗೆ ಅಂಟಿರುವ ಬಣ್ಣವನ್ನು ಪೂರ್ತಿ ಕೆರೆದು ತೊಳೆಯಿರಿ. ಔಷಧಿ ಡಬ್ಬ, ಆಸಿಡ್ ಕ್ಯಾನು, ಕೆಮಿಕಲ್ ಡ್ರಮ್ಮುಗಳನ್ನು ಗುಜರಿ ಅಂಗಡಿಯವನು ಎಷ್ಟು ಕಡಿಮೆಗೆ ಕೊಟ್ಟರೂ ತರಬೇಡಿ, ಎಷ್ಟು ತೊಳೆದರೂ ಅವು ಊಟದ ಗಿಡಕ್ಕೆ ಆಗುವುದಿಲ್ಲ.

ಹರಿವೆ, ಮೆಂತ್ಯ, ಕೊತ್ತಂಬರಿಗೆ ಒಂದು ಗೇಣು ಆಳ ಸಾಕು, ಅಗಲ ಬೇಕು. ಬದನೆ, ಮೆಣಸಿನಕಾಯಿ, ಬೆಂಡೆಗೆ ಒಂದಡಿಗೂ ಹೆಚ್ಚು ಆಳ ಬೇಕು. 20 ಲೀಟರ್ ಬಕೆಟ್ಟಿಗೆ ಒಂದೇ ಬದನೆ ಗಿಡ. ಆಸೆಗೆ ಮೂರು ನೆಟ್ಟರೆ ಮೂರೂ ಕೊಡೋದಿಲ್ಲ. ಮಣ್ಣು ತುಂಬಿ ನೆನೆದ ಬಕೆಟ್ಟು ಇಪ್ಪತ್ತು ಕಿಲೋಗೂ ಮೇಲೆ ತೂಗುತ್ತದೆ, ಶೀಟಿನ ಮೇಲೆ ಇಡುವ ಯೋಚನೆ ಬೇಡ.

ರೈಲಿಗೆ ಹೋಗುವವರ ಗಿಡ

ಗಣಿ ಮುಚ್ಚಿದ ಮೇಲೆ ನಮ್ಮಲ್ಲಿ ಎಷ್ಟೋ ಜನ ಕತ್ತಲಿರುವಾಗಲೇ ಎದ್ದು ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ರಾತ್ರಿ ಊಟದ ಹೊತ್ತಿಗೆ ಮನೆ ಸೇರುತ್ತಾರೆ. "ಎರಡು ಹೊತ್ತು ನೀರು ಹಾಕಿ" ಅಂತ ಪುಸ್ತಕದಲ್ಲಿ ಇರೋದನ್ನು ಇವರಿಗೆ ಹೇಳಿ ಏನು ಪ್ರಯೋಜನ? ಬಕೆಟ್ಟಿನ ಮಣ್ಣು ನೆಲಕ್ಕಿಂತ ಬೇಗ ಒಣಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ದೊಡ್ಡ ಬದನೆ ಗಿಡಕ್ಕೆ ದಿನಕ್ಕೆ ಒಂದೆರಡು ಲೀಟರ್ ಬೇಕು.

ಇದಕ್ಕೆ ಒಂದು ಉಪಾಯ ಇದೆ. ತೂತನ್ನು ಬಕೆಟ್ಟಿನ ತಳದಲ್ಲಿ ಮಾಡಬೇಡಿ. ತಳದಿಂದ ಎರಡು ಬೆರಳು ಮೇಲೆ, ಪಕ್ಕದಲ್ಲಿ ಸುತ್ತ ನಾಲ್ಕು ತೂತು ಮಾಡಿ. ತಳದಲ್ಲಿ ಅಷ್ಟೇ ಎತ್ತರಕ್ಕೆ ಹೆಂಚಿನ ಚೂರು ಅಥವಾ ಇಟ್ಟಿಗೆ ಚೂರು ಹಾಕಿ. ಹಳೇ ಹತ್ತಿ ಸೀರೆಯ ಎರಡು ಪಟ್ಟಿಗಳನ್ನು ಆ ಚೂರುಗಳ ನಡುವಿನಿಂದ ಮೇಲೆ ಮಣ್ಣಿನ ಅರ್ಧದವರೆಗೆ ಬರುವ ಹಾಗೆ ಬಿಟ್ಟು ಮಣ್ಣು ತುಂಬಿ. ಬೆಳಿಗ್ಗೆ ಹಾಕಿದ ನೀರಿನಲ್ಲಿ ಹೆಚ್ಚಾದದ್ದು ತೂತಿನಿಂದ ಹೋಗುತ್ತದೆ, ಕೆಳಗೆ ಎರಡು ಬೆರಳಿನಷ್ಟು ನಿಂತಿರುತ್ತದೆ. ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಸೀರೆ ಪಟ್ಟಿ ಆ ನೀರನ್ನು ಮೇಲೆ ಕೊಡುತ್ತಾ ಇರುತ್ತದೆ. ಮೇಲ್ಮಣ್ಣಿನ ಮೇಲೆ ಒಣ ಹುಲ್ಲು ಅಥವಾ ಎಲೆ ಮುಚ್ಚಿದರೆ ಸಂಜೆವರೆಗೆ ಗಿಡ ಬಾಡುವುದಿಲ್ಲ. ನೀರು ಕಲ್ಲಿನ ಒಳಗೇ ಇರುವುದರಿಂದ ಸೊಳ್ಳೆ ಕಾಟವೂ ಇಲ್ಲ. ಬಕೆಟ್ಟಿನ ಕೆಳಗೆ ತಟ್ಟೆ ಇಟ್ಟು ನೀರು ನಿಲ್ಲಿಸಿದರೆ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ, ಅದು ಬೇಡ.

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಗಿಡಕ್ಕೆ ಒಳ್ಳೆಯದು. ಸೋಪಿನ ಪುಡಿ ನೀರು ಬೇಡ. ಶುದ್ಧ ನೀರಿನ ಘಟಕದಿಂದ ಹೊರಗೆ ಬಿಡುವ ನೀರನ್ನು "ಸುಮ್ಮನೆ ಹೋಗುತ್ತದಲ್ಲ" ಅಂತ ಗಿಡಕ್ಕೆ ಹಾಕುವವರಿದ್ದಾರೆ. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡು, ಉಪ್ಪು ಮೊದಲೇ ಜಾಸ್ತಿ. ಅವನ್ನು ಬೇರ್ಪಡಿಸಿ ಒಟ್ಟುಮಾಡಿ ಹೊರಗೆ ಬಿಟ್ಟ ನೀರು ಅದು. ಹೊಲದಲ್ಲಿ ಮಳೆ ಬಂದು ಉಪ್ಪು ಕೆಳಗೆ ಇಳಿಯಬಹುದು, ಬಕೆಟ್ಟಿನಲ್ಲಿ ಅಲ್ಲೇ ಕೂತುಕೊಳ್ಳುತ್ತದೆ. ಅಂಚಿನಲ್ಲಿ ಬಿಳಿ ಪೊರೆ ಕಾಣಿಸಿದರೆ, ಎಲೆ ತುದಿ ಸುಟ್ಟ ಹಾಗಾದರೆ ಇದೇ ಕಾರಣ ಇರಬಹುದು. ಮಳೆನೀರನ್ನು ಧಾರಾಳವಾಗಿ ಹರಿಸಿ ತೊಳೆಯಿರಿ.

ಏನು ಹಾಕೋಣ?

ಎಲ್ಲರೂ ಮೊದಲು ಟೊಮೆಟೊ ಅನ್ನುತ್ತಾರೆ. ನಾನು ಬೇಡ ಅನ್ನುತ್ತೇನೆ. ಕೋಲಾರದ ಮಾರುಕಟ್ಟೆಯ ಪಕ್ಕದಲ್ಲಿದ್ದುಕೊಂಡು ಟೊಮೆಟೊ ಬೆಳೆದು ಉಳಿತಾಯ ಎಷ್ಟು? 2023ರ ಜುಲೈನಲ್ಲಿ 15 ಕಿಲೋ ಪೆಟ್ಟಿಗೆ ಎರಡು ಸಾವಿರ ರೂಪಾಯಿ ದಾಟಿತ್ತು, ನಿಜ. ಆದರೆ ರೈತರು ರಸ್ತೆಗೆ ಸುರಿದು ಹೋಗುವ ದಿನಗಳೂ ಇವೆ. ಟೊಮೆಟೊ ಗಿಡಕ್ಕೆ ರೋಗವೂ ಜಾಸ್ತಿ, ಐದಾರು ಗಂಟೆ ಬಿಸಿಲೂ ಬೇಕು. ಸೊಪ್ಪಿಗೆ ಮೂರು ನಾಲ್ಕು ಗಂಟೆ ಬಿಸಿಲು ಬಿದ್ದರೂ ನಡೆಯುತ್ತದೆ, ಲೈನಿನ ಸಂದಿಗೆ ಅದೇ ಸರಿ. ಅಂಗಡಿಯ ಸೊಪ್ಪು ನಾವು ರೈಲು ಇಳಿಯುವ ಹೊತ್ತಿಗೆ ಬಾಡಿರುತ್ತದೆ. ಮನೆಯದಾದರೆ ಆಗಲೇ ಕಿತ್ತು ಆಗಲೇ ಸಾರಿಗೆ ಹಾಕಬಹುದು.

ಹರಿವೆಯಲ್ಲಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಅನ್ನೋ ತಳಿ ಬಹಳ ಅನುಕೂಲ. ಬಿತ್ತಿ 25-30 ದಿನಕ್ಕೆ ಮೊದಲ ಕೊಯ್ಲು, ಬೇರು ಸಮೇತ ಕೀಳದೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಸುಮಾರು 90 ದಿನದವರೆಗೆ ಕೊಡುತ್ತದೆ. ಬಿತ್ತನೆ ಬೀಜಕ್ಕೆ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲೂ ವಿಚಾರಿಸಬಹುದು. ಪುದೀನ, ದೊಡ್ಡಪತ್ರೆ, ಹೊನಗೊನ್ನೆ ಕಡ್ಡಿ ನೆಟ್ಟರೆ ಸಾಕು, ಹತ್ತುತ್ತವೆ. ಎರಡು ಮೆಣಸಿನ ಗಿಡ, ದೊಡ್ಡ ಡ್ರಮ್ಮಿದ್ದರೆ ಒಂದು ಕರಿಬೇವು.

ಒಂದು ಬಕೆಟ್ಟಿನಿಂದ ಮನೆಗೆ ಸಾಕಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಾಯಿ ಒಂದಡಿ ಅಗಲದ ಬಕೆಟ್ಟಿನಲ್ಲಿ ಒಂದು ಕೊಯ್ಲಿಗೆ ಒಂದು ಹಿಡಿ ಸೊಪ್ಪು ಬರುತ್ತದೆ, ಅಷ್ಟೇ. ಅಗಲವಾದ ಟಬ್ಬು ಐದಾರು ಇಟ್ಟು, ವಾರಕ್ಕೊಂದರಂತೆ ಸರದಿಯಲ್ಲಿ ಬಿತ್ತಿದರೆ ವಾರಕ್ಕೆ ಒಂದೆರಡು ದಿನ ಮಸ್ಸೊಪ್ಪೋ ಬಸ್ಸಾರೋ ಆಗುತ್ತದೆ. ನಮ್ಮ ರಾಜ್ಯದಲ್ಲಿ ಹೆಂಗಸರ ಪೈಕಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಮುದ್ದೆ ಜೊತೆ ಸೊಪ್ಪಿನ ಸಾರು ಉಣ್ಣುವಾಗ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣದ ಅಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟ ಆದ ತಕ್ಷಣ ಟೀ ಕುಡಿದರೆ ಹತ್ತುವುದಿಲ್ಲ. ಹಾಗಂತ ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆ ಬಿಟ್ಟು ಸೊಪ್ಪನ್ನೇ ನಂಬಿ ಕೂರಬೇಡಿ.

ದಿಬ್ಬದ ಧೂಳು ಏಳುವ ತಿಂಗಳುಗಳಲ್ಲಿ ಟಬ್ಬಿನ ಮೇಲೆ ಹಳೇ ಸೊಳ್ಳೆಪರದೆ ಹೊದಿಸಿ. ಕಿತ್ತ ಸೊಪ್ಪನ್ನು ಅಗಲ ಪಾತ್ರೆಯಲ್ಲಿ ಮುಳುಗಿಸಿ, ನೀರು ಬದಲಿಸಿ ಮೂರು ಸಲ ತೊಳೆಯಿರಿ. ಹೊದಿಸಿದ ಪರದೆಯಿಂದ ಕೋಳಿ ಕಾಟವೂ ತಪ್ಪುತ್ತದೆ. ಹೇನು ಬಂದರೆ ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ, ಚೂರು ಸೋಪು ಕಲಸಿ ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸಿ. ಹೊಲಕ್ಕೆ ತಂದ ಔಷಧಿಯನ್ನು ಮನೆ ಬಾಗಿಲಿನ ಗಿಡಕ್ಕೆ ಹೊಡೆಯಬೇಡಿ, ಅಲ್ಲೇ ಮಕ್ಕಳು ಆಡುತ್ತಿರುತ್ತಾರೆ.

ಇದಕ್ಕೆಂದು ಸಂಘದಿಂದ ಸಾಲ ತೆಗೆಯುವ ಅಗತ್ಯ ಇಲ್ಲ. ಹೊಸ ಕುಂಡ, ಅಂಗಡಿಯ ಚೀಲ ಯಾವುದೂ ಬೇಡ. ಮಣ್ಣು, ಗೊಬ್ಬರ, ಬೀಜದ ಖರ್ಚನ್ನು ಹಂಚಿಕೊಂಡರೆ ತಲೆಗೆ ಬೀಳುವುದು ಸ್ವಲ್ಪವೇ. ಪ್ರತಿ ಬೆಳೆ ಮುಗಿದ ಮೇಲೆ ಮಣ್ಣು ಸಡಿಲಿಸಿ ಎರಡು ಬೊಗಸೆ ಗೊಬ್ಬರ ಸೇರಿಸಿ. ಹರಿವೆಯ ಒಂದು ಗಿಡವನ್ನು ಕತ್ತರಿಸದೆ ತೆನೆ ಬರಲು ಬಿಡಿ. ತೆನೆ ಒಣಗಿದಾಗ ಪೇಪರಿನ ಮೇಲೆ ಉಜ್ಜಿ, ಕೇರಿ, ನೆರಳಿನಲ್ಲಿ ಒಣಗಿಸಿ, ಬೂದಿ ಬೆರೆಸಿ ಡಬ್ಬಿಯಲ್ಲಿ ಇಡಿ. ಒಂದೇ ಗಿಡದ ಬೀಜ ಸಂಘದ ಎಲ್ಲರ ಮುಂದಿನ ಬಿತ್ತನೆಗೂ ಸಾಕಾಗುತ್ತದೆ.