ನಾಲ್ಕು ಜನರ ಮುಂದೆ ನಾಲ್ಕು ಮಾತು

ಜಗಲಿಯ ಮೇಲೆ ಗಂಟೆಗಟ್ಟಲೆ ಹರಟುವವರಿಗೂ ಸಭೆಯಲ್ಲಿ ಎದ್ದು ನಿಂತೊಡನೆ ನಾಲಗೆ ಒಣಗುತ್ತದೆ. ನನಗೂ ಒಣಗಿತ್ತು. ಕನಕಪುರದ ಕಡೆಯ ನಮ್ಮ ಹಳ್ಳಿಯ ಗ್ರಾಮಸಭೆಯಲ್ಲಿ, ಕೆರೆಯ ತೂಬು ಒಡೆದು ನೀರು ಪೋಲಾಗುತ್ತಿರುವ ಸಂಗತಿಯನ್ನು ತಿಳಿಸುವ ಹೊಣೆ ನನ್ನದಾಗಿತ್ತು. ಮೂರು ಪುಟ ಬರೆದು ಬಾಯಿಪಾಠ ಮಾಡಿದ್ದೆ. "ಸಭಾಧ್ಯಕ್ಷರೇ" ಎಂದೆ; ಮುಂದಿನದೊಂದೂ ನೆನಪಾಗಲಿಲ್ಲ. ಕುಳಿತುಬಿಟ್ಟೆ. ಸಭೆ ಬೇರೆ ವಿಷಯಕ್ಕೆ ಹೋಯಿತು. ಆ ವರ್ಷ ತೂಬು ದುರಸ್ತಿಯಾಗಲಿಲ್ಲ; ಅದರ ಕೆಳಗಿನ ಗದ್ದೆಗಳು ಒಣಗಿದವು.

ಭಾಷಣವೆಂದರೆ ರಾಜಕಾರಣಿಗಳ, ಪಂಡಿತರ ಸೊತ್ತೆಂದು ನಾವು ಭಾವಿಸುತ್ತೇವೆ. ಆದರೆ 1993ರ ಪಂಚಾಯತ್ ರಾಜ್ ಕಾಯಿದೆಯ ಗ್ರಾಮಸಭೆಯಲ್ಲಿ ಊರಿನ ಮತದಾರರೆಲ್ಲರೂ ಸದಸ್ಯರೇ. ಅಲ್ಲಿ ಬಾಯಿ ಬಿಡದವರ ಕಷ್ಟ ನಡವಳಿ ಪುಸ್ತಕಕ್ಕೆ ಏರುವುದಾದರೂ ಹೇಗೆ?

ನಾನು ತಪ್ಪಿದ್ದು ಬಾಯಿಪಾಠದಲ್ಲಿ. ಒಂದು ಪದ ಜಾರಿದರೆ ಅದರ ಹಿಂದೆ ಎಲ್ಲವೂ ಜಾರುತ್ತದೆ. ಒಂದು ಚೀಟಿಯಲ್ಲಿ "ತೂಬು, ನೀರು, ಎಕರೆ, ಖರ್ಚು" ಎಂದು ನಾಲ್ಕೇ ಪದಗಳನ್ನು ಬರೆದುಕೊಂಡಿದ್ದರೆ ಸಾಕಿತ್ತು. ಇನ್ನು ಆರಂಭ. ಚನ್ನಪಟ್ಟಣದ ಬೊಂಬೆ ಕುಶಲಕರ್ಮಿಯನ್ನು, "ಪ್ಲಾಸ್ಟಿಕ್ಕಿಗಿಂತ ಇದಕ್ಕೇಕೆ ಬೆಲೆ ಹೆಚ್ಚು?" ಎಂದು ಕೇಳಿನೋಡಿ. ಅವರು ಟಿಪ್ಪುವಿನ ಕಾಲದಿಂದ ಆರಂಭಿಸುವುದಿಲ್ಲ. ಬೊಂಬೆಯನ್ನು ನಿಮ್ಮ ಕೈಗೆ ಕೊಟ್ಟು, ಇದು ಹಾಲೆ ಮರ, ತಿರುಗುವಾಗ ಒತ್ತಿ ಹಿಡಿದ ಅರಗು ಉಜ್ಜಿದ ಬಿಸಿಗೇ ಕರಗಿ ಹತ್ತುತ್ತದೆ, ಹೊಳಪು ಬರುವುದು ತಾಳೆಗರಿಯಿಂದ ಎನ್ನುತ್ತಾರೆ. ಕೇಳುವವರ ಕೈಯಲ್ಲಿ, ಕಣ್ಣಲ್ಲಿ ಇರುವುದರಿಂದ ಹೊರಟ ಮಾತು ದಾರಿ ತಪ್ಪುವುದು ಕಡಿಮೆ.

ಎದೆ ಹೊಡೆದುಕೊಳ್ಳುವುದು ನಿಲ್ಲುತ್ತದೆಂದು ನಾನು ಭರವಸೆ ಕೊಡಲಾರೆ. ಈ ಆಕಾಶವಾಣಿಯ ಕೋಣೆಯಲ್ಲಿ ಎದುರಿಗೆ ಯಾರೂ ಇಲ್ಲದಿದ್ದರೂ ನನಗೆ ಹೊಡೆದುಕೊಳ್ಳುತ್ತಿದೆ! ಒಮ್ಮೆ ನೀಳವಾಗಿ ಉಸಿರೆಳೆದು, ಕೊನೆಯ ಸಾಲಿನಲ್ಲಿ ಕುಳಿತವರೊಬ್ಬರಿಗೆ ಹೇಳುವಂತೆ ಮೊದಲ ವಾಕ್ಯವನ್ನು ಚಿಕ್ಕದಾಗಿ ಹೇಳಿ, ಅರೆಗಳಿಗೆ ನಿಲ್ಲಿ. ದನಿ ತಾನಾಗಿ ಹದಕ್ಕೆ ಬರುತ್ತದೆ.

ಇಷ್ಟು ಒಲಿದ ಮೇಲೆ ಕಷ್ಟದ ಪಾಠ ಉಳಿದಿದೆ. ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯನವರು ವಕೀಲರು, 1952ರಿಂದ 1956ರವರೆಗೆ ಮೈಸೂರಿನ ಮುಖ್ಯಮಂತ್ರಿಗಳು. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ ಬಂದಾಗ ಹಳೆಯ ಮೈಸೂರಿನ ಅನೇಕರಿಗೆ ಏಕೀಕರಣ ಬೇಡವಾಗಿತ್ತು. ಬೇಡವೆಂದವರಲ್ಲಿ ಅವರ ಆಪ್ತವಲಯದವರೂ ಇದ್ದರು. ಆದರೂ ಅವರು ಏಕೀಕರಣದ ಪರವಾಗಿಯೇ ವಾದಿಸಿದರು. 1956ರ ನವೆಂಬರ್ 1ರಂದು ನಾಡು ಒಂದಾದಾಗ ಅವರು ಅಧಿಕಾರದಲ್ಲಿರಲಿಲ್ಲ. ಚಪ್ಪಾಳೆಗಾಗಿ ಆಡುವ ಮಾತನ್ನು ಕಲಿಯುವುದು, ನನ್ನ ಮಟ್ಟಿಗೆ, ಅಷ್ಟೇನೂ ದೊಡ್ಡ ವಿದ್ಯೆಯಲ್ಲ.

ಮರುವರ್ಷ ಅದೇ ಗ್ರಾಮಸಭೆಗೆ ಚೀಟಿಯೊಡನೆ ಹೋದೆ. ತೂಬಿನಿಂದ ಕಳಚಿಬಿದ್ದಿದ್ದ ಕಲ್ಲಿನ ಚೂರೊಂದನ್ನು ಮೇಜಿನ ಮೇಲಿಟ್ಟು ಮಾತು ಆರಂಭಿಸಿದೆ. ಮೂರು ನಿಮಿಷದಲ್ಲಿ ಮುಗಿಯಿತು. ಹಿಂದಿನ ಸಾಲಿನಿಂದ ಒಬ್ಬರು, "ಎಷ್ಟು ಎಕರೆ ಒಣಗಿತು, ಇನ್ನೊಮ್ಮೆ ಹೇಳಿ" ಎಂದರು. ಹೇಳಿದೆ. ಕಾರ್ಯದರ್ಶಿಗಳು ಬರೆದುಕೊಂಡರು.