ವೈರಾಣುವಿನ ಬರಹಕ್ಕೆ ತಡೆ

ತೊಣ್ಣೂರಿನ ಕೆರೆಯ ಕೆಳಗೆ ಹಬ್ಬಿರುವಂಥ ನೀರುಣ್ಣುವ ಗದ್ದೆಬಯಲುಗಳೇ ಮಂಡ್ಯ ಜಿಲ್ಲೆಯ ಅನ್ನಸಂಪತ್ತು; ಆದರೆ ಭತ್ತದ ಗದ್ದೆಗಳಲ್ಲಿ ನಿಂತ ನೀರೇ ಕ್ಯೂಲೆಕ್ಸ್ ಸೊಳ್ಳೆಗೂ ತವರಾಗಿರುವುದರಿಂದ, 1977ರಿಂದ 1979ರವರೆಗೆ ಕೋಲಾರ, ಮಂಡ್ಯ ಜಿಲ್ಲೆಗಳಲ್ಲಿ ಸಂಗ್ರಹಿಸಿದ ಸೊಳ್ಳೆಗಳಲ್ಲಿ ಜಪಾನೀ ಮಿದುಳುಜ್ವರದ ವೈರಾಣು ದೊರೆತುದು ವಿಸ್ಮಯವಲ್ಲ. ಈ ಜ್ವರವನ್ನು ತಡೆಯಲು ಲಸಿಕೆಯುಂಟು. ರೋಗ ತಗುಲಿದ ಮೇಲೆ ವೈರಾಣುವನ್ನೇ ನಿಗ್ರಹಿಸುವ ನಿರ್ದಿಷ್ಟ ಔಷಧ ಮಾತ್ರ ಇನ್ನೂ ಸಿದ್ಧಿಸಿಲ್ಲ.

ಈ ವೈರಾಣುವಿನ ಸಮಸ್ತ ಜೀವನಸೂತ್ರವು ಸುಮಾರು 11,000 ಅಕ್ಷರಗಳ ಒಂದೇ ಆರ್‌ಎನ್‌ಎ ಎಳೆಯಲ್ಲಿ ಅಡಕವಾಗಿದೆ. ಖೋಟಾ ಆಜ್ಞಾಪತ್ರವೊಂದು ಕಚೇರಿಯನ್ನು ಹೊಕ್ಕು ಅಲ್ಲಿನ ಗುಮಾಸ್ತರಿಂದಲೇ ತನ್ನ ಪ್ರತಿಗಳನ್ನು ಬರೆಯಿಸಿಕೊಳ್ಳುವಂತೆ, ಈ ಎಳೆಯು ನಮ್ಮ ಜೀವಕೋಶವನ್ನು ಸೇರಿ ಅಲ್ಲಿನ ರೈಬೋಸೋಮುಗಳಿಂದ ತನಗೆ ಬೇಕಾದ ಪ್ರೋಟೀನುಗಳನ್ನು ನಿರ್ಮಿಸಿಕೊಂಡು, ಅವುಗಳ ನೆರವಿನಿಂದ ತನ್ನನ್ನು ತಾನೇ ಇಮ್ಮಡಿಸಿಕೊಳ್ಳುತ್ತದೆ. ಆ ಎಳೆಯಾದರೋ ನೇರವಾದುದಲ್ಲ. ತನ್ನ ಮೇಲೆ ತಾನೇ ಮಡಿಚಿ ಕುಣಿಕೆಗಳನ್ನೂ ಕವಲುಗಳನ್ನೂ ರಚಿಸಿಕೊಳ್ಳುವುದು. ಆ ಮಡಿಕೆಗೆ ಒಪ್ಪುವ ಅಣುವನ್ನು ರೂಪಿಸಿ ಅಲ್ಲಿ ನೆಲೆಗೊಳಿಸಿದರೆ, ವೈರಾಣುವಿನ ಕಾರ್ಯ ಆರಂಭದಲ್ಲಿಯೇ ಸ್ಥಗಿತವಾಗಬೇಕು.

ಈ ತತ್ತ್ವದ ಒಂದು ಸ್ಪಷ್ಟ ನಿದರ್ಶನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ದೊರೆತಿದೆ. ಯಕೃತ್ತನ್ನು ಪೀಡಿಸುವ ಹೆಪಟೈಟಿಸ್ ಸಿ ವೈರಾಣುವಿನ ಆರ್‌ಎನ್‌ಎ ತನ್ನ ಆದಿಭಾಗದ ಮಡಿಕೆಯ ಮೇಲೆ ರೈಬೋಸೋಮನ್ನು ನೇರವಾಗಿ ಬರಮಾಡಿಕೊಳ್ಳುತ್ತದೆ. ನಮ್ಮ ಕೋಶದ ‘ಲಾ’ ಎಂಬ ಪ್ರೋಟೀನು ಇದಕ್ಕೆ ಸಹಾಯಕ. ಸೌಮಿತ್ರ ದಾಸ್ ಮತ್ತು ಅವರ ಸಹೋದ್ಯೋಗಿಗಳು ಆ ಪ್ರೋಟೀನಿನ 24 ಅಮೈನೋ ಆಮ್ಲಗಳ ತುಣುಕೊಂದನ್ನು ಪ್ರತ್ಯೇಕವಾಗಿ ಪರೀಕ್ಷಿಸಿ, ಅದು ಆರ್‌ಎನ್‌ಎಗೆ ಅಂಟಿಕೊಂಡು ರೈಬೋಸೋಮಿನ ಜೋಡಣೆಯನ್ನು ತಡೆಯುವುದೆಂದು 2005ರಲ್ಲಿ ಪ್ರಕಟಿಸಿದರು. ಸಹಾಯಕನ ಅಂಶವೇ ಪ್ರತಿಬಂಧಕವಾದುದು ಇಲ್ಲಿನ ವೈಶಿಷ್ಟ್ಯ.

ಮಿದುಳುಜ್ವರದ ವೈರಾಣುವಿನ ಮಾರ್ಗ ಬೇರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯ ವೈರಾಣುವೂ ಸೇರಿರುವ ಅದರ ಕುಲದಲ್ಲಿ, ಆರ್‌ಎನ್‌ಎಯ ಎರಡು ತುದಿಗಳೂ ಪರಸ್ಪರ ಕೂಡಿಕೊಂಡಲ್ಲದೆ ಪ್ರತಿನಿರ್ಮಾಣ ನಡೆಯದು. ಆದುದರಿಂದ ಆ ಸಂಧಿಸ್ಥಾನವೇ ಅಣುಶಿಲ್ಪಿಗೆ ಲಕ್ಷ್ಯವಾಗಬಲ್ಲುದು.

ಹಾದಿ ಸುಗಮವಲ್ಲ. ಆರ್‌ಎನ್‌ಎ ಕ್ಷಣಕ್ಷಣಕ್ಕೂ ರೂಪ ಬದಲಿಸುವ ವಸ್ತು. ನಮ್ಮ ಕೋಶಗಳಲ್ಲಿಯೂ ಆರ್‌ಎನ್‌ಎ ಹೇರಳವಾಗಿರುವುದರಿಂದ ಅಣುವು ಅದನ್ನು ಮುಟ್ಟದೆ ವೈರಾಣುವಿನದನ್ನೇ ಹಿಡಿಯಬೇಕು. ಪ್ರಯೋಗನಳಿಕೆಯಲ್ಲಿ ಗೆದ್ದುದು ಶರೀರದಲ್ಲಿಯೂ ಗೆಲ್ಲಬೇಕು. ಆದರೂ ಭರವಸೆಗೆ ಬಲವಾದ ಕಾರಣವುಂಟು: ವೈರಾಣು ತನ್ನ ಅಕ್ಷರಗಳನ್ನು ಬೇಗಬೇಗನೆ ಮಾರ್ಪಡಿಸಿಕೊಂಡು ಔಷಧಗಳಿಂದ ನುಣುಚಿಕೊಳ್ಳಬಲ್ಲುದಾದರೂ, ತನ್ನ ಬಾಳಿಗೆ ಆಧಾರವಾದ ಮಡಿಕೆಗಳನ್ನು ಕೆಡಿಸಿಕೊಂಡು ಬಾಳಲಾರದು. ಅದಕ್ಕೆ ಅನಿವಾರ್ಯವಾದುದೇ ಅದರ ದೌರ್ಬಲ್ಯ. ಆ ದೌರ್ಬಲ್ಯವನ್ನು ಅರಿಯುವ ಮೂಲವಿಜ್ಞಾನವನ್ನು ತಾಳ್ಮೆಯಿಂದ ಪೋಷಿಸುವುದು, ಗದ್ದೆಯಂಚಿನಲ್ಲಿ ಬೆಳೆಯುವ ಮಕ್ಕಳಿಗೆ ನಾಡು ಸಲ್ಲಿಸಬೇಕಾದ ಋಣ.