ಶಸ್ತ್ರಕ್ರಿಯೆ ಮುಗಿದ ಮೇಲೆ

ಅರಸೀಕೆರೆ ಎಂದೊಡನೆ ಅನೇಕರಿಗೆ ಹಾಸನ ಜಿಲ್ಲೆಯ ರೈಲು ಜಂಕ್ಷನ್ನು ನೆನಪಾಗುತ್ತದೆ. ನಾನು ಹೇಳಹೊರಟಿರುವುದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯ ಮಾತು. ಈ ತಾಲ್ಲೂಕು 1997ರಲ್ಲಿ ಬಳ್ಳಾರಿಯನ್ನು ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ ಬಂದಿತು. 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲೆ ಯಾವುದಾದರೇನು, ದೊಡ್ಡ ಶಸ್ತ್ರಕ್ರಿಯೆ ಎಂದಾಗ ಇಲ್ಲಿಯ ಅನೇಕರು ಹಿಡಿಯುವುದು ದಾವಣಗೆರೆಯ ದಾರಿಯನ್ನೇ. ಅಲ್ಲಿಯ ಸರಕಾರಿ ಜಿಲ್ಲಾ ಆಸ್ಪತ್ರೆ ಹೊತ್ತಿರುವ 'ಚಿಗಟೇರಿ' ಎಂಬ ಹೆಸರು ಇದೇ ತಾಲ್ಲೂಕಿನ ಊರೊಂದರದು.

ಕೆಲವು ವರ್ಷಗಳ ಹಿಂದೆ ಆ ನಗರದ ಆಸ್ಪತ್ರೆಯೊಂದರಲ್ಲಿ ಕಂಡ ನೋಟ ಇನ್ನೂ ಕಣ್ಣ ಮುಂದಿದೆ. ಅರಸೀಕೆರೆ ಕಡೆಯ ವೃದ್ಧರೊಬ್ಬರಿಗೆ ಹಿಂದಿನ ದಿನ ಹೊಟ್ಟೆಯ ಶಸ್ತ್ರಕ್ರಿಯೆಯಾಗಿತ್ತು. ಬೆಳಗಾಗುತ್ತಲೇ ದಾದಿ ಬಂದು, "ಅಜ್ಜಾ, ಏಳ್ರಿ, ನಾಲ್ಕು ಹೆಜ್ಜಿ ನಡೀರಿ" ಎಂದರು. ಮಂಚದ ಬಳಿಯಿದ್ದ ಮಗಳು ಅಡ್ಡ ಬಂದಳು: "ಹೊಟ್ಟಿ ಕೊಯ್ದು ಹೊಲ್ದಾರ್ರೀ. ನಡೆಸಿದ್ರ ಹೊಲಿಗಿ ಬಿಚ್ಚಂಗಿಲ್ಲೇನು?" ದಾದಿಯ ಮಾತು ನಿರ್ದಯವೆಂದು ಆ ಕ್ಷಣ ನನಗೂ ತೋರಿತು.

ಆದರೆ ವಿಚಾರಿಸಿ ನೋಡಿದರೆ ದಯೆಯಿದ್ದುದು ಆ ಮಾತಿನಲ್ಲಿಯೇ. ಹೊಲಿಗೆಯ ನೋವಿಗೆ ಅಂಜಿ ರೋಗಿ ಮೇಲುಸಿರಾಡುತ್ತ ಮಲಗಿದರೆ, ಶ್ವಾಸಕೋಶದ ಕೆಳಭಾಗ ಗಾಳಿಯಿಲ್ಲದೆ ಮುದುಡುತ್ತದೆ. ಅಲ್ಲಿ ಕಫ ನಿಂತು ನ್ಯುಮೋನಿಯಾಕ್ಕೆ ಎಡೆಯಾಗುತ್ತದೆ. ಅಲುಗಾಡದ ಕಾಲುಗಳ ರಕ್ತನಾಳದಲ್ಲಿ ನೆತ್ತರು ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಸಂಚಕಾರ. ದೀರ್ಘವಾಗಿ ಉಸಿರೆಳೆಯುವುದು, ಹೊಟ್ಟೆಗೆ ದಿಂಬೊತ್ತಿ ಕೆಮ್ಮುವುದು, ವೈದ್ಯರು ಒಪ್ಪಿದೊಡನೆ ಎದ್ದು ನಡೆಯುವುದು, ಇವೂ ಔಷಧಗಳೇ. ನೋವಿಗೆ ಮದ್ದು ಕೊಡುವುದೂ ಇದಕ್ಕಾಗಿಯೇ: ನೋವು ತಗ್ಗಿದರೆ ತಾನೇ ರೋಗಿ ಕೆಮ್ಮಿಯಾನು, ನಡೆದಾನು?

ಒಂದು ಕಾಲಕ್ಕೆ ವೈದ್ಯರೂ ಆ ಮಗಳಂತೆಯೇ ನಂಬಿ ರೋಗಿಗಳನ್ನು ವಾರಗಟ್ಟಲೆ ಮಲಗಿಸುತ್ತಿದ್ದರು. 1899ರಲ್ಲಿ ಶಿಕಾಗೋದ ಎಮಿಲ್ ರೀಸ್, ರೋಗಿಗಳನ್ನು ಬೇಗ ಎಬ್ಬಿಸುವುದೇ ಒಳ್ಳೆಯದೆಂದು ಬರೆದಾಗ ಕಿವಿಗೊಟ್ಟವರು ವಿರಳ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಪದ್ಧತಿ ಹಬ್ಬಿತು. 1990ರ ದಶಕದಲ್ಲಿ ಡೆನ್ಮಾರ್ಕಿನ ಹೆನ್ರಿಕ್ ಕೆಹ್ಲೆಟ್ ಅವರು ಬೇಗ ಉಣಿಸುವುದು, ಬೇಗ ನಡೆಸುವುದು, ನೋವು ತಣಿಸುವುದು ಮೊದಲಾದವನ್ನೆಲ್ಲ ಒಂದೇ ಕ್ರಮದಲ್ಲಿ ಹೆಣೆದರು.

ಹಾಗೆಂದು ಎಲ್ಲದಕ್ಕೂ ಅವಸರ ಸಲ್ಲದು. ಮೊದಲ ಕೆಲವು ಗಂಟೆಗಳು ಕಾವಲಿನ ಗಂಟೆಗಳು. ಉಸಿರು, ನಾಡಿ, ರಕ್ತದ ಒತ್ತಡಗಳನ್ನು ಮೇಲಿಂದ ಮೇಲೆ ನೋಡುತ್ತಿರಬೇಕು. ಅದಕ್ಕೆಂದೇ ಶಸ್ತ್ರಕ್ರಿಯೆಯ ಕೊಠಡಿಗೆ ಹೊಂದಿಕೊಂಡು ಚಿಕ್ಕ ಕೋಣೆಯೊಂದಿರುವುದನ್ನು ಫ್ಲಾರೆನ್ಸ್ ನೈಟಿಂಗೇಲ್ 1863ರಲ್ಲಿಯೇ ದಾಖಲಿಸಿದ್ದಾರೆ. ಅವರು ಹೆಸರಿಸಿದ್ದು ಹಳ್ಳಿಗಾಡಿನ ಸಣ್ಣ ಆಸ್ಪತ್ರೆಗಳನ್ನು ಎಂಬುದು ಗಮನಾರ್ಹ. ಈ ಹೊತ್ತಿನಲ್ಲಿ "ಬಾಯಾರಿಕೆ" ಎಂದ ರೋಗಿಗೆ ಮನೆಯವರು ಕದ್ದು ನೀರು ಕುಡಿಸುವುದುಂಟು. ಅರಿವಳಿಕೆಯ ಮಂಪರು ಇಳಿಯದವನಿಗೆ ವಾಂತಿಯಾದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ಒದ್ದೆ ಬಟ್ಟೆಯಿಂದ ತುಟಿ ತೇವಮಾಡಿ, ದಾದಿಯ ಅಪ್ಪಣೆಗೆ ಕಾಯುವುದೇ ಲೇಸು.

ಇನ್ನು ಊರಿಗೆ ಮರಳಿದ ಮೇಲಿನ ಮಾತು. ಬೇಳೆ ನಂಜು, ಮೊಟ್ಟೆ ನಂಜು, ಅನ್ನದಿಂದ ಕೀವಾದೀತು ಎಂದು ಪ್ರೀತಿಯಿಂದಲೇ ರೋಗಿಯನ್ನು ಬಡಕಲು ಮಾಡುವವರಿದ್ದಾರೆ. ಗಾಯ ಕೂಡಿಕೊಳ್ಳಲು ಬೇಕಾದುದು ಬೇಳೆ, ಹಾಲು, ಮೊಟ್ಟೆಗಳಲ್ಲಿರುವ ಸಸಾರಜನಕವೇ. ಕೀವು ಬರುವುದು ರೋಗಾಣುಗಳಿಂದ. ತೊಳೆಯದ ಕೈ ಅವಕ್ಕೊಂದು ಹೆದ್ದಾರಿ. ಕೈತೊಳೆಯುವುದರಿಂದ ಉಳಿಯುವ ಜೀವಗಳನ್ನು ವಿಯೆನ್ನಾದ ಸೆಮ್ಮೆಲ್‌ವೈಸ್ 1847ರಲ್ಲಿ, ಬಾಣಂತಿಯರ ವಾರ್ಡಿನಲ್ಲಿ, ತೋರಿಸಿಕೊಟ್ಟರು. ಹೊಲಿಗೆಯ ಸೋಂಕು ಶಸ್ತ್ರಕ್ರಿಯೆಯಾದ 30 ದಿನಗಳೊಳಗೆ ಎಂದಾದರೂ ತಲೆಯೆತ್ತಬಹುದು. ಜ್ವರ, ಹೆಚ್ಚುತ್ತಿರುವ ನೋವು, ಕೀವು, ಮೀನಖಂಡದ ಬಾವು ಕಂಡರೆ ಅರಿಸಿನ ಮೆತ್ತಿ ದಿನ ನೂಕದೆ ವೈದ್ಯರಲ್ಲಿಗೆ ಮರಳಬೇಕು. ಏದುಸಿರು ಬಂದರಂತೂ ತಡಮಾಡಲೇಬಾರದು.

ಶಸ್ತ್ರವೈದ್ಯರ ಕೆಲಸ ಗಂಟೆಗಳಲ್ಲಿ ಮುಗಿಯುತ್ತದೆ. ಉಳಿದುದು ದಾದಿಯರ ಮತ್ತು ಮನೆಯವರ ಕೈಯಲ್ಲಿದೆ. ಆ ಎರಡು ಕೈಗಳು ಒಂದಾಗದಿದ್ದರೆ ಒಳ್ಳೆಯ ಶಸ್ತ್ರಕ್ರಿಯೆಯೂ ವ್ಯರ್ಥವಾದೀತು. ದಾದಿ ಆ ದಿನ ಮಗಳನ್ನು ಗದರಲಿಲ್ಲ; ಕಾರಣವನ್ನು ತಿಳಿಸಿ, "ನೀನ ಹಿಡಕೊಂಡು ನಡೆಸವ್ವ" ಎಂದರು. ಒಂದು ಕೈ ದಾದಿಯ ಹಿಡಿತದಲ್ಲಿ, ಇನ್ನೊಂದು ಮಗಳ ಹೆಗಲ ಮೇಲೆ. ಆ ವೃದ್ಧರು ಕಿಟಕಿಯವರೆಗೆ ನಡೆದರು.